ತಿರುಕನ ಧನ್ಯತೆ

ಕನ್ನಡದ ಪಾದ್ರಿಯೊಬ್ಬರು ತಮ್ಮನ್ನು ತಾವೇ ‘ತಿರುಳ್ಗನ್ನಡದ ತಿರುಕ’ ಎಂದು ಕರೆದುಕೊಂಡರು. ತಿರುಕ ಎಂದರೆ ಮನೆಮನೆ ತಿರುಗಿ ಬೇಡುವವನು. ಇವರು ಬೇಡಿದ್ದು ಜೋಳವನ್ನಲ್ಲ, ದುಡ್ಡನ್ನಲ್ಲ, ಸರ್ವಜ್ಞನ ತ್ರಿಪದಿಗಳನ್ನು. ಜನರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡರು, ಹಳೆಯ ಕಟ್ಟುಗಳಲ್ಲಿದ್ದುದನ್ನು ಹುಡುಕಿ ತೆಗೆದರು, ಒಂದು ಪಾಠವನ್ನು ಇನ್ನೊಂದರ ಪಕ್ಕದಲ್ಲಿಟ್ಟು ತೂಗಿ ನೋಡಿದರು. ಹೀಗೆ ಕೂಡಿಬಂದ ಸುಮಾರು ಎರಡು ಸಾವಿರ ವಚನಗಳು 1924ರಲ್ಲಿ ಪುಸ್ತಕವಾದವು. ಆ ಪಾದ್ರಿಯೇ ರೆವರೆಂಡ್ ಉತ್ತಂಗಿ ಚನ್ನಪ್ಪ.

ಸರ್ವಜ್ಞನ ಹೆಸರಿನೊಂದಿಗೆ ಜನ ನೆನೆಯುವ ಅಬಲೂರು ಇರುವುದು ಹಿರೇಕೆರೂರು ತಾಲ್ಲೂಕಿನಲ್ಲಿ. ಅಲ್ಲಿಂದ ಉತ್ತರಕ್ಕೆ ಬಂದರೆ ಹಾನಗಲ್ಲು, ಶಿಗ್ಗಾವಿ, ಸವಣೂರಿನ ಸೀಮೆ, ನಡುವೆ ಬಂಕಾಪುರ. ಈಗ ಬಂಕಾಪುರ ಎಂದೊಡನೆ ಜನರಿಗೆ ನೆನಪಾಗುವುದು ಕೋಟೆಯ ನವಿಲುಧಾಮ, ಅರವತ್ತು ಕಂಬದ ಗುಡಿ ಎಂದು ಹೆಸರಾದ ನಗರೇಶ್ವರ ದೇವಾಲಯ. ಆದರೆ ಈ ಊರಿನ ಸುತ್ತ ಒಂದು ದಿನದ ಹಾದಿಯಲ್ಲಿ ಹುಟ್ಟಿದವರ ಪಟ್ಟಿ ನೋಡಿದರೆ ಬೆರಗಾಗುತ್ತದೆ. ಬಾಡದ ಕನಕದಾಸರು, ಶಿಶುನಾಳದ ಶರೀಫರು, ಅಬಲೂರಿನ ಸರ್ವಜ್ಞ. ಮೂವರೂ ನಿಜವಾದ ಸುಖ ಎಲ್ಲಿದೆ ಎಂದು ಜೀವಮಾನವಿಡೀ ಕೇಳಿದವರು. ಮೂವರಿಗೂ ಅದು ಅಧಿಕಾರದಲ್ಲಿ, ಕುಲದಲ್ಲಿ, ಗಂಟಿನಲ್ಲಿ ಸಿಗಲಿಲ್ಲ.

ಇಂಥ ನೆಲದಲ್ಲಿ ಕ್ರೈಸ್ತ ವೇದವು ಸುಖದ ಬಗ್ಗೆ, ಆಶೀರ್ವಾದದ ಬಗ್ಗೆ ಏನು ಹೇಳುತ್ತದೆ? ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇಂದು ದೊಡ್ಡ ಪೆಂಡಾಲಿನಲ್ಲಿ ಧ್ವನಿವರ್ಧಕ ಹಿಡಿದು ನಿಂತವರಲ್ಲ. ಉತ್ತಂಗಿ ಚನ್ನಪ್ಪನವರ ಬಾಳು ಅವರಿಗಿಂತ ಚೆನ್ನಾಗಿ ಉತ್ತರಿಸುತ್ತದೆ.

ಮೊದಲು ಒಂದು ಪದದ ವಿಚಾರ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಬೆಟ್ಟವೇರಿ ಕುಳಿತು ಜನರಿಗೆ ಬೋಧಿಸುತ್ತಾನೆ. ಆ ಬೋಧನೆ ಶುರುವಾಗುವುದೇ ಸುಖದ ಮಾತಿನಿಂದ. ಗ್ರೀಕ್ ಮೂಲದಲ್ಲಿ ಅಲ್ಲಿರುವ ಪದ ‘ಮಕಾರಿಯೊಸ್’. ಗ್ರೀಕರು ಈ ಪದವನ್ನು ಚಿಂತೆಯಿಲ್ಲದ ತಮ್ಮ ದೇವತೆಗಳಿಗೂ ಬಳಸುತ್ತಿದ್ದರು. ಅದನ್ನು ಯೇಸುವಿನ ಮಾತು ಬಡವರಿಗೆ, ಅಳುವವರಿಗೆ, ನ್ಯಾಯಕ್ಕೆ ಹಸಿದವರಿಗೆ ಕೊಟ್ಟುಬಿಟ್ಟಿತು. ಇಂಗ್ಲಿಷಿನವರು ಇದನ್ನು ‘ಹ್ಯಾಪಿ’ ಎನ್ನುವುದೋ ‘ಬ್ಲೆಸ್ಡ್’ ಎನ್ನುವುದೋ ಎಂದು ಇಂದಿಗೂ ತರ್ಕಿಸುತ್ತಾರೆ. ಕನ್ನಡ ಸತ್ಯವೇದಕ್ಕೆ ಆ ಇಕ್ಕಟ್ಟು ಬರಲಿಲ್ಲ. ಅದು ‘ಸುಖಿಗಳು’ ಎನ್ನಲಿಲ್ಲ, ‘ಭಾಗ್ಯವಂತರು’ ಎನ್ನಲಿಲ್ಲ. ‘ಧನ್ಯರು’ ಎಂದಿತು. ಕೀರ್ತನೆಗಳ ಪುಸ್ತಕದ ಮೊದಲ ಹಾಡಿಗೂ ಇದೇ ಪದ. ಅಲ್ಲಿ ಹೀಬ್ರೂ ಮೂಲದ ‘ಅಶ್ರೇ’ ಎಂಬ ಮಾತಿಗೆ ಕನ್ನಡದಲ್ಲಿ ‘ಧನ್ಯ’ ಕೂತಿದೆ.

ಈ ಪದದ ತೂಕ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮೊಮ್ಮಗನ ಮುಖ ನೋಡಿದ ಅಜ್ಜಿ ‘ಕಣ್ಣು ಧನ್ಯವಾತು’ ಎನ್ನುತ್ತಾಳೆ. ಬೇಕಾದದ್ದೆಲ್ಲ ಸಿಕ್ಕಿತೆಂದು ಅವಳು ಹಾಗೆ ಅನ್ನುವುದಿಲ್ಲ. ಮೊಣಕಾಲು ನೋವು ಹಾಗೇ ಇದೆ, ಸೊಸೈಟಿಯ ಸಾಲವೂ ಹಾಗೇ ಇದೆ. ಆದರೂ ಬದುಕು ಒಂದು ದಡ ಮುಟ್ಟಿತು ಎಂಬ ತುಂಬುಭಾವ ಅವಳ ದನಿಯಲ್ಲಿರುತ್ತದೆ. ಸುಖ ಬರುತ್ತದೆ, ಹೋಗುತ್ತದೆ. ಧನ್ಯತೆ ಒಮ್ಮೆ ಬಂದರೆ ಅದನ್ನು ಕಸಿಯುವುದು ಸುಲಭವಲ್ಲ.

ವ್ಯಾಕರಣದ ಒಂದು ಸೂಕ್ಷ್ಮವೂ ಇಲ್ಲಿದೆ. ‘ಇಂಥವರು ಧನ್ಯರು’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಗ್ರೀಕ್ ಮೂಲದಲ್ಲಿಯೂ ಧನ್ಯತೆಯನ್ನು ಸಾರುವ ಮೊದಲ ಎಂಟು ಮಾತುಗಳಿಗೆ ಕ್ರಿಯಾಪದವಿಲ್ಲ. ಇಂಗ್ಲಿಷ್ ಮಾತ್ರ ನಡುವೆ ಒಂದು ಕ್ರಿಯಾಪದ ತುರುಕದೆ ನಿಲ್ಲಲಾರದು. ಅಂದರೆ ಮೂಲದ ಆ ಮಾತುಗಳಲ್ಲಿ ಅಪ್ಪಣೆಯಿಲ್ಲ. ‘ಬಡವರಾಗಿರಿ, ಆಗ ಧನ್ಯರಾಗುತ್ತೀರಿ’ ಎಂದು ಯಾರೂ ಹೇಳುತ್ತಿಲ್ಲ. ‘ಇಷ್ಟು ಕಾಣಿಕೆ ಹಾಕಿದರೆ’ ಎಂಬ ಕರಾರೂ ಇಲ್ಲ. ಬೆಟ್ಟದ ಬುಡದಲ್ಲಿ ಕೂತಿದ್ದ ಮೀನುಗಾರರು, ರೋಗಿಗಳು, ಕೂಲಿಯವರು ಇದ್ದ ಹಾಗೆಯೇ, ಇದ್ದ ಜಾಗದಲ್ಲಿಯೇ ದೇವರ ಕಣ್ಣಿಗೆ ಧನ್ಯರೆಂದು ಸಾರಲಾಗುತ್ತಿದೆ.

ಆ ಎಂಟರಲ್ಲಿ ಮೊದಲನೆಯದು ಆತ್ಮದಲ್ಲಿ ಬಡವರಾದವರ ಬಗ್ಗೆ. ಬಡವರು ಎಂದು ಕನ್ನಡಕ್ಕೆ ಬಂದಿರುವ ಗ್ರೀಕ್ ಪದ ‘ಪ್ಟೋಖೊಸ್’. ಕೂಲಿ ಮಾಡಿ ಹೇಗೋ ಹೊಟ್ಟೆ ಹೊರೆಯುವ ಬಡವನಿಗೆ ಗ್ರೀಕರಲ್ಲಿ ಬೇರೆ ಪದವಿತ್ತು. ಪ್ಟೋಖೊಸ್ ಎಂದರೆ ಏನೂ ಇಲ್ಲದೆ ಮುದುಡಿ ಕುಳಿತು ಕೈಯೊಡ್ಡುವವನು. ಕನ್ನಡದಲ್ಲಿ ಅದಕ್ಕೆ ನೇರವಾದ ಪದ ತಿರುಕ.

ಸರ್ವಜ್ಞನೂ ತಿರುಕನೇ. ಕೈಯಲ್ಲಿ ಕಪ್ಪರ ಹಿಡಿದು ಊರೂರು ತಿರಿದುಣ್ಣುವವನು ತಾನೆಂದು ಅವನೇ ಹಾಡಿಕೊಂಡಿದ್ದಾನೆ. ಅವನ ಮಾತನ್ನು ಹೆಕ್ಕಲು ಹೊರಟ ಪಾದ್ರಿಯೂ ತನಗೆ ಅದೇ ಹೆಸರಿಟ್ಟುಕೊಂಡದ್ದು ಬರೀ ವಿನಯದ ಮಾತಲ್ಲ. ಬೆಟ್ಟದ ಬೋಧನೆಯನ್ನು ಬಲ್ಲ ದೇವಶಾಸ್ತ್ರದ ವಿದ್ಯಾರ್ಥಿ ಅವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಸೆಮಿನರಿಯಲ್ಲಿ ಓದಿ, ಉತ್ತರ ಕರ್ನಾಟಕದ ಸಭೆಗಳಲ್ಲಿ ಪಾದ್ರಿಯಾಗಿ ದುಡಿದವರು. ಹೂವಿನಹಡಗಲಿ ಸೀಮೆಯ ಉತ್ತಂಗಿ ಎಂಬ ಊರನ್ನು ಹೆಸರಿನಲ್ಲಿ ಹೊತ್ತಿದ್ದರು, ಕೊನೆಗಾಲವನ್ನೂ ಹಡಗಲಿಯಲ್ಲೇ ಕಳೆದರು. ದೊಡ್ಡ ಆಸ್ತಿ ಮಾಡಲಿಲ್ಲ. ವಚನಕಾರರ ಬಗ್ಗೆ ಬರೆದರು, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಂಶಯಿಸಿದವರಿಗೆ ಒಂದು ಪುಸ್ತಕದಷ್ಟು ಉತ್ತರ ಕೊಟ್ಟರು. ಮರಾಠಿಯ ಕ್ರೈಸ್ತ ಕವಿ ನಾರಾಯಣ ವಾಮನ ಟಿಳಕರ ಜೀವನವನ್ನು ಕನ್ನಡಿಗರಿಗೆ ಹೇಳಿದರು. 1949ರಲ್ಲಿ, ಹೈದರಾಬಾದ್ ಕರ್ನಾಟಕ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದ ಮರುವರ್ಷ, ಕಲಬುರ್ಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ನಾಡು ಈ ಪಾದ್ರಿಯನ್ನು ಅಧ್ಯಕ್ಷರನ್ನಾಗಿ ಕೂರಿಸಿತು. 1962ರಲ್ಲಿ ತೀರಿಕೊಂಡರು.

ಅವರು ತಮ್ಮ ನಂಬಿಕೆಯನ್ನು ಎಲ್ಲಿಯೂ ಬಚ್ಚಿಡಲಿಲ್ಲ. ಯೇಸುವಿನ ಬಗ್ಗೆ ಬರೆದರು, ಸಾರಿದರು. ಅದೇ ಹೊತ್ತಿಗೆ ಸರ್ವಜ್ಞನ ಒಂದು ಸಾಲಿನ ಸರಿಯಾದ ಪಾಠಕ್ಕಾಗಿಯೂ ಅಷ್ಟೇ ಶ್ರದ್ಧೆಯಿಂದ ಅಲೆದರು. ನೋಡಿದವರಿಗೆ ಇದು ಎರಡು ದೋಣಿಯ ಪಯಣವೆನಿಸಬಹುದು. ಹಾಗಲ್ಲ. ತನಗೆ ಸಿಕ್ಕ ದೇವರ ಕೃಪೆ ಸಾಚಾ ಎಂದು ಗೊತ್ತಿದ್ದವನಿಗೆ ನೆರೆಯವನ ಸಂಪತ್ತನ್ನು ಕಂಡು ಅಂಜಿಕೆಯಾಗುವುದಿಲ್ಲ. ಅದನ್ನು ಒರೆಸಿ, ತೊಳೆದು, ಹಣತೆಯಂತೆ ಎತ್ತಿಡುವಷ್ಟು ಬಿಡುವು ಅವನ ಮನಸ್ಸಿಗಿರುತ್ತದೆ. ಇದನ್ನೇ ಧನ್ಯತೆ ಎನ್ನಬೇಕು.

ಇಂಥ ಬಿಡುವು ಉತ್ತಂಗಿಯವರೊಬ್ಬರ ಗುಣವಾಗಿರಲಿಲ್ಲ. ಅವರು ಬೆಳೆದ ಬಾಸೆಲ್ ಮಿಷನ್ನಿನ ಪರಂಪರೆಯಲ್ಲೇ ಅದರ ಒಂದು ಎಳೆಯಿತ್ತು. ಮಿಷನ್ನು ಮಂಗಳೂರಿಗೆ ಬಂದದ್ದು 1834ರಲ್ಲಿ. ಮೂರು ವರ್ಷಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, ಆಮೇಲೆ ಗದಗ-ಬೆಟಗೇರಿ. ಆ ಮಿಷನರಿಗಳಲ್ಲಿ ಹರ್ಮನ್ ಮೋಗ್ಲಿಂಗ್ ಎಂಬಾತ 1843ರ ಜುಲೈ 1ರಂದು ‘ಮಂಗಳೂರು ಸಮಾಚಾರ’ವನ್ನು ಹೊರತಂದು ಕನ್ನಡ ಪತ್ರಿಕೆಗಳಿಗೆ ನಾಂದಿ ಹಾಡಿದ್ದು ಎಲ್ಲರಿಗೂ ಗೊತ್ತು. ಅದೇ ಮೋಗ್ಲಿಂಗ್ 1850ರ ಹೊತ್ತಿಗೆ ಹರಿದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದ್ದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ದಾಸರ ಹಾಡುಗಳು ಅಚ್ಚಿನ ಮುಖ ಕಂಡ ಮೊದಲ ದಿನಗಳ ಕೆಲಸ ಅದು. ಬಾಡದ ಕನಕದಾಸರ ಪರಂಪರೆ ಅಚ್ಚಿಗೆ ಬಂದದ್ದು ಒಬ್ಬ ಜರ್ಮನ್ ಪಾದ್ರಿಯ ಕೈಯಿಂದ. ಅಬಲೂರಿನ ಸರ್ವಜ್ಞ ಸಮಗ್ರವಾಗಿ ಕೂಡಿಬಂದದ್ದು ಒಬ್ಬ ಕನ್ನಡ ಪಾದ್ರಿಯ ಕೈಯಿಂದ. ಬಂಕಾಪುರದ ಸೀಮೆ ಈ ಇಬ್ಬರ ಋಣವನ್ನು ಹೊತ್ತಿದೆ.

ಹಾಗೆಂದು ಮಿಷನರಿಗಳನ್ನು ಹೊಗಳಿ ಅಟ್ಟಕ್ಕೇರಿಸುವುದು ನ್ಯಾಯವಲ್ಲ. ಅವರ ಬರಹಗಳಲ್ಲಿ ಈ ನೆಲದ ನಂಬಿಕೆಗಳ ಬಗ್ಗೆ ಕಟುವಾದ, ಕೆಲವೊಮ್ಮೆ ಅನ್ಯಾಯದ ಮಾತುಗಳೂ ಇವೆ. ಕುಂಪಣಿ ಸರಕಾರದ ನೆರಳು ಅವರ ಬೆನ್ನ ಹಿಂದಿತ್ತು. ಇಷ್ಟೆಲ್ಲ ಇದ್ದರೂ ಫರ್ಡಿನಾಂಡ್ ಕಿಟೆಲ್‌ರಂಥವರ ಬಾಳನ್ನು ನೋಡಿದಾಗ ವಾದ ನಿಂತುಹೋಗುತ್ತದೆ. 1853ರಲ್ಲಿ 21ರ ಹರೆಯದಲ್ಲಿ ಬಂದವರು. 1864ರಲ್ಲಿ ಹೆಂಡತಿಯನ್ನು ಕಳೆದುಕೊಂಡರು. ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟನ್ನು ಕಟ್ಟುವಷ್ಟರಲ್ಲಿ ಆಯುಷ್ಯದ ಒಳ್ಳೆಯ ಭಾಗವೆಲ್ಲ ಅದಕ್ಕೇ ಹೋಯಿತು. 1894ರಲ್ಲಿ ಅದು ಮಂಗಳೂರಿನಲ್ಲಿ ಅಚ್ಚಾದಾಗ ಅವರು ಜರ್ಮನಿಗೆ ಮರಳಿಯಾಗಿತ್ತು. ಲೋಕದ ಲೆಕ್ಕದಲ್ಲಿ ಇದನ್ನು ಸುಖದ ಬಾಳು ಎನ್ನಲಾಗದು. ಆದರೆ ಆ ನಿಘಂಟನ್ನು ತೆರೆದರೆ ಪುಟಪುಟಕ್ಕೂ ಕನ್ನಡದ ಗಾದೆಗಳು ಸಿಗುತ್ತವೆ. ಹೊಲದವರ, ಮನೆವಾರ್ತೆಯ ಹೆಂಗಸರ, ಸಂತೆಯ ಮಂದಿಯ ಮಾತುಗಳವು. ಪರರ ಮಾತನ್ನು ಅಷ್ಟು ಅಕ್ಕರೆಯಿಂದ ಕೇಳಿಸಿಕೊಂಡವನು ಒಳಗೆ ಬರಿದಾಗಿದ್ದ ಎಂದು ನಂಬುವುದು ಕಷ್ಟ.

ಇದೇ ಮಿಷನ್ನಿನ ಕಥೆಯಲ್ಲಿ ಆಶೀರ್ವಾದವನ್ನು ತಪ್ಪಾಗಿ ಓದಿದ ಅಧ್ಯಾಯವೂ ಒಂದಿದೆ. ಇಂದಿನವರು ಅದನ್ನು ಹೆಚ್ಚು ಓದಬೇಕು.

1839-40ರ ಸುಮಾರಿಗೆ ಹುಬ್ಬಳ್ಳಿ-ಗದಗ ಸೀಮೆಯಲ್ಲಿ ಕಾಲಜ್ಞಾನಿಗಳು ಎಂಬ ಪಂಗಡದವರು ಮಿಷನರಿಗಳನ್ನು ಹುಡುಕಿಕೊಂಡು ಬಂದರು. ಒಳ್ಳೆಯ ದಿನಗಳು ಬರಲಿವೆ, ಪಡುವಣ ದಿಕ್ಕಿನಿಂದ ಒಬ್ಬ ಬರಲಿದ್ದಾನೆ ಎಂಬ ಭವಿಷ್ಯ ಅವರ ಕಾಲಜ್ಞಾನದ ಹಾಡುಗಳಲ್ಲಿತ್ತು. ಆ ಮಾತು ಈ ಪಾದ್ರಿಗಳಲ್ಲಿ ನಿಜವಾಯಿತೇ ಎಂಬ ಆಸೆ ಅವರಿಗೆ. ಇತ್ತ ಮೋಗ್ಲಿಂಗ್ ಮತ್ತು ಸಂಗಡಿಗರಿಗೂ ಆಸೆ ಚಿಗುರಿತು: ಸಾವಿರಾರು ಜನ ಒಮ್ಮೆಲೇ ಸಭೆಗೆ ಬಂದುಬಿಡಬಹುದು! ಅಂಥವರಿಗೆಂದೇ ಗದಗದ ಬಳಿಯ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಕೃಷಿ ವಸಾಹತು ಶುರುವಾಯಿತು. ಜಮೀನು ಇತ್ತು, ಯೋಜನೆ ಇತ್ತು. ಬರಬೇಕಾದ ಸಾವಿರಾರು ಜನ ಬರಲಿಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದುದು ಕಷ್ಟವನ್ನೆಲ್ಲ ಒಮ್ಮೆಗೇ ತೊಡೆದುಹಾಕುವ ದೊರೆತನಕ್ಕೆ. ಶಿಲುಬೆಗೇರಿದವನ ಹಿಂದೆ ನಡೆಯುವುದು ಬೇರೆಯೇ ಹಾದಿ. ಮಿಷನರಿಗಳೂ ಎಣಿಕೆಯ ಆಸೆಗೆ ಬಿದ್ದಿದ್ದರು. ಕೆಲವೇ ವರ್ಷಗಳಲ್ಲಿ ಆ ಕನಸು ಕರಗಿತು.

ಎರಡೂ ಕಡೆಯವರು ಕೆಟ್ಟವರಲ್ಲ. ಇಬ್ಬರೂ ಆಶೀರ್ವಾದವನ್ನು ಮುಂಗಾರಿನ ಹಾಗೆ ಕಂಡರು: ಒಂದು ದಿನ ಮೋಡ ಕಟ್ಟಿ ಸುರಿದುಬಿಡುತ್ತದೆ, ಕೆರೆಯೆಲ್ಲ ತುಂಬಿಬಿಡುತ್ತದೆ.

ಈ ತಪ್ಪಿಗೆ ಕನ್ನಡದಲ್ಲಿ ಹಳೆಯದೊಂದು ಪದವೂ ಸಾಕ್ಷಿ. ‘ಹರಸು’ ಎಂಬ ಕ್ರಿಯೆಗೂ ‘ಹರಕೆ’ ಎಂಬ ಹೆಸರಿಗೂ ಬೇರು ಒಂದೇ. ಹರಕೆಗೆ ಆಶೀರ್ವಾದ ಎಂಬ ಅರ್ಥ ಇಂದಿಗೂ ಇದೆ. ಆದರೆ ಆಡುಮಾತಿನಲ್ಲಿ ಹರಕೆ ಎಂದರೆ ದೇವರೊಂದಿಗೆ ಮಾಡಿಕೊಂಡ ಕರಾರು. ಮಗನಿಗೆ ನೌಕರಿ ಸಿಕ್ಕರೆ ಇದು, ಬೋರಿಗೆ ನೀರು ಬಿದ್ದರೆ ಅದು. ಈ ಕರಾರಿಗೆ ಜಾತಿಮತದ ಭೇದವಿಲ್ಲ. ಗುಡಿಯಲ್ಲಿದೆ, ದರ್ಗಾದಲ್ಲಿದೆ, ಚರ್ಚಿನಲ್ಲೂ ಇದೆ. ಸಂಕಟದಲ್ಲಿ ಬೇಡುವವನನ್ನು ಯಾರೂ ಹಳಿಯಬಾರದು. ಯೇಸು ತಾನೇ ದಿನದ ರೊಟ್ಟಿಗಾಗಿ ಬೇಡಿಕೊಳ್ಳಲು ಕಲಿಸಿದ್ದಾನೆ. ತಕರಾರು ಇರುವುದು ಬೇಡುವವನ ಮೇಲಲ್ಲ, ಬೇಡಿಕೆಯನ್ನು ವ್ಯಾಪಾರ ಮಾಡಿಕೊಂಡವನ ಮೇಲೆ.

ಕಳೆದ ಶತಮಾನದಲ್ಲಿ ಅಮೆರಿಕದಲ್ಲಿ ಬೆಳೆದು, ಟೀವಿಯ ಮೂಲಕ ಜಗತ್ತಿಗೆಲ್ಲ ಹಬ್ಬಿದ ಬೋಧನೆಯೊಂದಿದೆ. ದೇವರು ಮೆಚ್ಚಿದವನಿಗೆ ಹಣ, ಆರೋಗ್ಯ, ಯಶಸ್ಸು ಖಚಿತ. ಅವು ಇಲ್ಲದವನ ನಂಬಿಕೆಯಲ್ಲೇ ದೋಷ ಎನ್ನುತ್ತದೆ ಅದು. ಕಾಣಿಕೆಯನ್ನು ಬೀಜ ಎನ್ನುತ್ತಾರೆ, ನೂರ್ಮಡಿ ಬೆಳೆ ಬರುತ್ತದೆ ಎಂದು ಭರವಸೆ ಕೊಡುತ್ತಾರೆ. ಈ ಬೋಧನೆ ಈಗ ಕನ್ನಡದಲ್ಲೂ ಮೊಬೈಲಿನ ಪರದೆಯಿಂದ ಹಳ್ಳಿಗೆ ಇಳಿದಿದೆ. ಹಾವೇರಿ ಜಿಲ್ಲೆಯ ರೈತನಿಗೆ ಬೀಜದ ವಿಚಾರ ಹೇಳಿಕೊಡಬೇಕಿಲ್ಲ. ಬಿತ್ತಿದ್ದೆಲ್ಲ ನೂರ್ಮಡಿಯಾಗುವುದಿಲ್ಲ, ಒಮ್ಮೊಮ್ಮೆ ಬಿತ್ತಿದ ಬೀಜವೂ ಕೈಗೆ ಬರುವುದಿಲ್ಲ ಎಂದು ಅವನು ಅನುಭವಿಸಿ ಬಲ್ಲ. ಸಾಲಕ್ಕೆ ಸೋತು ಜೀವ ಕಳೆದುಕೊಂಡ ರೈತರ ಸುದ್ದಿ ಈ ಜಿಲ್ಲೆಗೆ ಹೊಸದಲ್ಲ. ಅಂಥ ಮನೆಯ ಹೆಣ್ಣುಮಗಳ ಮುಂದೆ ನಿಂತು ‘ನಂಬಿಕೆ ಸಾಲದಾಯಿತು’ ಎನ್ನುವ ಬಾಯಿಗೆ ಸತ್ಯವೇದದ ಬಲವಿಲ್ಲ.

ಯಾಕೆಂದರೆ ಸತ್ಯವೇದದೊಳಗೇ ಯೋಬನ ಪುಸ್ತಕವಿದೆ. ನೀತಿವಂತನಾದ ಯೋಬ ಮಕ್ಕಳನ್ನು, ದನಕರುಗಳನ್ನು, ಆರೋಗ್ಯವನ್ನು ಕಳೆದುಕೊಂಡು ಬೂದಿಯಲ್ಲಿ ಕೂರುತ್ತಾನೆ. ಗೆಳೆಯರು ಬಂದು, ನೀನು ಏನೋ ಪಾಪ ಮಾಡಿರಬೇಕು ಎಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಆ ಗೆಳೆಯರ ಮೇಲೆ. ಯೋಬನ ಪ್ರಶ್ನೆಗಳೇ ಸರಿಯಾಗಿದ್ದವು, ಅವರ ಸಿದ್ಧ ಉತ್ತರಗಳು ಸುಳ್ಳಾಗಿದ್ದವು. ಇನ್ನು ಸಂತೋಷವನ್ನೇ ಮತ್ತೆಮತ್ತೆ ನುಡಿಯುವ ನಾಲ್ಕೇ ಅಧ್ಯಾಯದ ಪತ್ರವನ್ನು ಪೌಲನು ಫಿಲಿಪ್ಪಿಯವರಿಗೆ ಬರೆದದ್ದು ಸೆರೆಯಲ್ಲಿ ಕೂತು. ಹಸಿದಿರುವುದನ್ನೂ ಉಂಡಿರುವುದನ್ನೂ ಕಲಿತಿದ್ದೇನೆ ಎನ್ನುವ ಅರ್ಥದ ಮಾತು ಅಲ್ಲಿದೆ. ಕಲಿತಿದ್ದೇನೆ ಎನ್ನುತ್ತಾನೆ, ಗೆದ್ದಿದ್ದೇನೆ ಎನ್ನುವುದಿಲ್ಲ.

ಅಬ್ರಹಾಮನ ಕಥೆಯಲ್ಲಿ ಆಶೀರ್ವಾದದ ಅರ್ಥ ಇನ್ನೂ ತಿಳಿಯಾಗುತ್ತದೆ. ಆದಿಕಾಂಡದ 12ನೆಯ ಅಧ್ಯಾಯದಲ್ಲಿ ದೇವರು ಅವನನ್ನು ಹರಸುವುದು ಅವನ ಕಣಜ ತುಂಬಿಸುವುದಕ್ಕಷ್ಟೇ ಅಲ್ಲ, ಅವನ ಮೂಲಕ ಉಳಿದ ಕುಲಗಳು ಹರಕೆ ಪಡೆಯಲೆಂದು. ಅಂದಮೇಲೆ ಆಶೀರ್ವಾದವನ್ನು ಅಳೆಯಬೇಕಾದ ಜಾಗ ಪಡೆದವನ ಮನೆಯಲ್ಲ, ಅವನ ನೆರೆಮನೆ. ಈ ಅಳತೆಗೋಲು ಹಿಡಿದರೆ ಬಾಸೆಲ್ ಮಿಷನ್ನಿನ ಸೋಲು ಗೆಲುವುಗಳ ಲೆಕ್ಕವೇ ಬದಲಾಗುತ್ತದೆ. ಎಣಿಕೆಯಲ್ಲಿ ಕ್ರೈಸ್ತರು ಹೆಚ್ಚಲಿಲ್ಲ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆಯಲ್ಲಿ ಅವರು ಶೇಕಡಾ 1.87 ಮಾತ್ರ. ಆದರೆ ಧಾರವಾಡದ ಮಿಷನ್ ಹೈಸ್ಕೂಲಿನಲ್ಲಿ ಓದಿದವರು ಎಲ್ಲ ಜಾತಿಯವರು. ಗದಗ-ಬೆಟಗೇರಿಯ ಜರ್ಮನ್ ದವಾಖಾನೆಗೆ ಚಕ್ಕಡಿ ಹೂಡಿಕೊಂಡು ಹೋಗಿ ಜೀವ ಉಳಿಸಿಕೊಂಡವರು ಎಲ್ಲ ಊರಿನವರು. ಕಿಟೆಲ್ ಕೋಶವನ್ನು ಬಿಚ್ಚದ ಕನ್ನಡ ವಿದ್ವಾಂಸನಿಲ್ಲ.

ಬಡವರು ಧನ್ಯರು ಎಂಬ ಮಾತು ಬಡತನವನ್ನು ಹೊಗಳುವುದಕ್ಕೆ ಬಳಕೆಯಾಗಬಾರದು ಎಂಬುದಕ್ಕೂ ಈ ಶಾಲೆ, ದವಾಖಾನೆಗಳೇ ಉತ್ತರ. ಆ ಮಾತನ್ನು ನಿಜವಾಗಿ ನಂಬಿದವರು ಬಡವನನ್ನು ಬಡವನಾಗಿಯೇ ಬಿಟ್ಟು ಹೋಗಲಿಲ್ಲ.

ಕನಕದಾಸರ ‘ರಾಮಧಾನ್ಯ ಚರಿತ್ರೆ’ಯನ್ನು ಬಲ್ಲ ಬಂಕಾಪುರದವರಿಗೆ ಇದು ಬೇಗ ಅರ್ಥವಾದೀತು. ನೆಲ್ಲಿಗೂ ರಾಗಿಗೂ ಜಗಳ. ತಾನೇ ಶ್ರೇಷ್ಠ ಎಂದು ನೆಲ್ಲು ಬೀಗುತ್ತದೆ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆಯಿಂದ ಬಂದಾಗ ನೆಲ್ಲು ಸೊರಗಿದೆ, ರಾಗಿ ಗಟ್ಟಿಯಾಗಿ ಉಳಿದಿದೆ. ರಾಘವನ ಹೆಸರು ಸಿಗುವುದು ಬಡವರ ಹೊಟ್ಟೆ ಹೊರೆಯುವ ಆ ಕಪ್ಪು ಕಾಳಿಗೆ. ಧನ್ಯ, ಧಾನ್ಯ: ಈ ಎರಡು ಪದಗಳು ಕಿವಿಗೆ ಒಂದೇ ಕುಲದವೆಂದು ಕೇಳಿಸುತ್ತವೆ. ಬೆಟ್ಟದ ಬೋಧನೆಯೂ ಕನಕರ ಕಾವ್ಯವೂ ಒಂದೇ ಎಂದು ಹೇಳಿದರೆ ಎರಡಕ್ಕೂ ಅನ್ಯಾಯ. ಆದರೆ ಈ ಸೀಮೆಯಲ್ಲಿ ಸುವಾರ್ತೆ ಓದುವವನ ಕಿವಿ ಆಗಲೇ ಹದವಾಗಿತ್ತು. ತಗ್ಗಿದವನನ್ನು ಎತ್ತುವ ದೇವರು ಇಲ್ಲಿಗೆ ಅಪರಿಚಿತನಾಗಿರಲಿಲ್ಲ. ಇಂದಿಗೂ ಚರ್ಚಿನ ಸುಗ್ಗಿಹಬ್ಬದ ದಿನ ಸಭೆಯವರು ಕಾಳು, ತೆಂಗು, ಕುಂಬಳ ತಂದು ವೇದಿಕೆಯ ಮುಂದೆ ಇಡುವಾಗ ಆ ನೆಲದ ವಾಸನೆಯೇ ಒಳಗೆ ಬರುತ್ತದೆ.

ಅಳುವವರ ಬಗ್ಗೆ ಹೇಳದೆ ಈ ಮಾತು ಪೂರ್ತಿಯಾಗದು. ಅಳುವವರು ಧನ್ಯರು ಎಂಬುದನ್ನು ಕೇಳಿದರೆ ಯಾರಿಗಾದರೂ ಸಿಡುಕು ಬರುತ್ತದೆ. ಅದರ ಅರ್ಥವನ್ನು ಬಾಳಿ ತೋರಿಸಿದ ಹೆಣ್ಣುಮಗಳೊಬ್ಬಳು ಕರ್ನಾಟಕದ ಕಾಡಿನಲ್ಲಿ ಹುಟ್ಟಿದವಳು: ಪಂಡಿತಾ ರಮಾಬಾಯಿ. 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ, ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ನಿಂದೆ ಉಂಡ ಅನಂತಶಾಸ್ತ್ರಿ ಡೋಂಗ್ರೆಯವರ ಮನೆಯಲ್ಲಿ ಹುಟ್ಟಿದಳು. ಬರಗಾಲ ತಂದೆ-ತಾಯಿಯನ್ನು ಕೊಂಡೊಯ್ದಿತು. ಉಳಿದಿದ್ದ ಅಣ್ಣನೂ ತೀರಿಕೊಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, 1882ರಲ್ಲಿ ಗಂಡ ಕಾಲರಾಕ್ಕೆ ಬಲಿಯಾದ. ಕಂಕುಳಲ್ಲಿ ಮಗಳು ಮನೋರಮಾ. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ದೀಕ್ಷಾಸ್ನಾನ ಪಡೆದಳು. ಅಲ್ಲಿಗೆ ಅವಳ ಕಣ್ಣೀರು ಬತ್ತಿತೇ? ಇಲ್ಲ. ಅದು ಹರಿಯುವ ದಿಕ್ಕು ಬದಲಾಯಿತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದಳು. 1896ರ ಬರದಲ್ಲಿ ಹಸಿವಿನಿಂದ ಬೀದಿಗೆ ಬಿದ್ದ ಹೆಣ್ಣುಮಕ್ಕಳನ್ನು ಹುಡುಕಿಹುಡುಕಿ ಪುಣೆಯ ಬಳಿಯ ಕೇಡಗಾವಿಗೆ ಕರೆತಂದಳು. ಬರ ಏನು ಮಾಡುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಸರಳ ಮರಾಠಿಗೆ ತಂದಳು. 1912ರಲ್ಲಿ ಕಲಬುರ್ಗಿಯಲ್ಲಿ ಶಾಲೆಯೊಂದನ್ನು ತೆರೆದಾಗ ಅದರ ಹೊಣೆ ಹೊತ್ತವಳು ಮಗಳು ಮನೋರಮಾ. ಆ ಮಗಳೂ 1921ರಲ್ಲಿ ತಾಯಿಗಿಂತ ಮೊದಲೇ ಹೋದಳು. ಮರುವರ್ಷ ರಮಾಬಾಯಿ ಕಣ್ಣು ಮುಚ್ಚಿದಳು. ಅಳುವವರಿಗೆ ಸಮಾಧಾನ ಸಿಗುತ್ತದೆ ಎಂಬ ಭರವಸೆ ಅವಳ ಪಾಲಿಗೆ ಹೇಗೆ ನಿಜವಾಯಿತೋ ಅವಳಿಗೇ ಗೊತ್ತು. ಅವಳ ಕೈಯಿಂದ ಸಮಾಧಾನ ಪಡೆದ ಹೆಣ್ಣುಮಕ್ಕಳಂತೂ ಸಾವಿರಾರು.

ಉತ್ತಂಗಿಯವರು ಕನ್ನಡಿಗರಿಗೆ ಪರಿಚಯಿಸಿದ ನಾರಾಯಣ ವಾಮನ ಟಿಳಕರಿಗೂ ಇಂಥದೇ ಕಥೆ. ರೈಲಿನಲ್ಲಿ ಎದುರು ಕೂತ ಯುರೋಪಿಯನ್ ಒಬ್ಬ ಹೊಸ ಒಡಂಬಡಿಕೆಯ ಪ್ರತಿಯನ್ನು ಕೈಗಿತ್ತ. ಓದುತ್ತೇನೆಂದು ಕೊಟ್ಟ ಮಾತಿಗಾಗಿ ಟಿಳಕರು ಓದಲು ಕೂತರು. ಬೆಟ್ಟದ ಬೋಧನೆಗೆ ಬಂದವರಿಗೆ ಅಲ್ಲಿಂದ ಏಳಲಾಗಲಿಲ್ಲ. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ಗಾಂಧೀಜಿಯ ಎದೆಗೆ ನೇರವಾಗಿ ಇಳಿದದ್ದೂ ಅದೇ ಭಾಗ. ಟಿಳಕರು ಕ್ರೈಸ್ತರಾದರು, ಗಾಂಧೀಜಿ ಹಿಂದೂವಾಗಿಯೇ ಉಳಿದರು. ಇಬ್ಬರೂ ಅದನ್ನು ಓದಿದ ಮೇಲೆ ಮೊದಲಿನಂತೆ ಬಾಳಲಿಲ್ಲ.

ಬಂಕಾಪುರಕ್ಕೆ ಇನ್ನೂ ಹಳೆಯದೊಂದು ನೆನಪಿದೆ. ಗಂಗರ ದೊರೆ ಮಾರಸಿಂಹ ರಾಜ್ಯವನ್ನು ಬಿಟ್ಟು 974ರಲ್ಲಿ ಈ ಊರಿಗೆ ಬಂದು, ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅದನ್ನು ಹೇಳುತ್ತದೆ. ಯುದ್ಧಗಳ ಮೇಲೆ ಯುದ್ಧ ಗೆದ್ದವನಿಗೆ ಗೆಲುವು ತಣಿವು ಕೊಡಲಿಲ್ಲ. ಬಿಟ್ಟುಕೊಡುವುದರಲ್ಲಿ ತಣಿವು ಸಿಕ್ಕಿತು. ಕಠಿಣ ತಪಸ್ಸಿನ ಹಾದಿ ಅದು, ವೀರರ ಹಾದಿ. ಬೆಟ್ಟದ ಬೋಧನೆ ತೋರುವುದು ಅಂಥ ಕಸುವಿಲ್ಲದವರ ಹಾದಿ. ಬಿಟ್ಟುಕೊಡಲು ರಾಜ್ಯವೇ ಇಲ್ಲದವರಿಗೆ, ವ್ರತ ಹಿಡಿಯಲು ಬಲವಿಲ್ಲದವರಿಗೆ, ಬರೀ ಕೈಯೊಡ್ಡಿ ಕೂತವರಿಗೆ ಅಲ್ಲಿ ಮೊದಲ ಮಣೆ. ಈ ಎರಡು ಹಾದಿಗಳಲ್ಲಿ ಯಾವುದು ದೊಡ್ಡದೆಂದು ಪಂಥ ಕಟ್ಟುವುದು ಬೇಡ. ಆದರೆ ಎರಡನೆಯದು ಇಲ್ಲದಿದ್ದರೆ ಬಹಳ ಜನ ಹೊರಗೇ ಉಳಿಯುತ್ತಿದ್ದರು.

ಇಂದು ಕರ್ನಾಟಕದಲ್ಲಿ ಕ್ರೈಸ್ತ ನಂಬಿಕೆಯ ಮಾತು ಬಂದೊಡನೆ ಚರ್ಚೆ ಮತಾಂತರದ ಕಡೆಗೆ ಹೊರಳುತ್ತದೆ. ಎರಡು ಪಾಳೆಯಗಳು ಎಣಿಕೆಗೆ ಇಳಿಯುತ್ತವೆ. ಎಷ್ಟು ಜನ ಬಂದರು, ಎಷ್ಟು ಜನ ಹೋದರು ಎಂಬ ಲೆಕ್ಕದಲ್ಲಿ ಮಲ್ಲಸಮುದ್ರದ ತಪ್ಪೇ ಮತ್ತೆ ನಡೆಯುತ್ತಿದೆ. ಅದರ ನಡುವೆ, ಸತ್ಯವೇದ ಸುಖದ ಬಗ್ಗೆ ಏನು ಹೇಳಿತ್ತು ಎಂಬುದನ್ನು ಕೇಳುವವರೂ ಇಲ್ಲ, ಹೇಳುವವರೂ ಕಡಿಮೆ. ಉತ್ತಂಗಿಯವರ ಕಾಲದಲ್ಲಿ ಒಬ್ಬ ಪಾದ್ರಿ ಸರ್ವಜ್ಞನನ್ನು ಕೇಳಿಕೊಂಡು ಬಂದರೆ ತಮ್ಮ ನೆನಪನ್ನು, ಹಸ್ತಪ್ರತಿಯನ್ನು ತೆರೆದಿಡುವ ನಂಬಿಕೆ ನಮ್ಮ ಹಳ್ಳಿಗಳಿಗಿತ್ತು. ಆ ನಂಬಿಕೆಯನ್ನು ಎರಡೂ ಕಡೆಯವರು ಗಳಿಸಿದ್ದರು. ಅದನ್ನು ಕಳೆದುಕೊಂಡರೆ ನಷ್ಟ ಚರ್ಚಿನದು ಮಾತ್ರವಲ್ಲ.

ಈ ಸೀಮೆಯ ಸಭಾಪಾಲಕರಲ್ಲಿ ಒಂದು ಕೋರಿಕೆ. ಆಶೀರ್ವಾದ ಕೂಟಗಳನ್ನು ನಡೆಸಿ, ಬೇಡವೆಂದವರಿಲ್ಲ. ಆದರೆ ಅಲ್ಲಿ ನೂರ್ಮಡಿಯ ಲೆಕ್ಕ ಹೇಳುವ ಮೊದಲು ಮತ್ತಾಯನ 5ನೆಯ ಅಧ್ಯಾಯದ ಮೊದಲ 12 ವಚನಗಳನ್ನು ಗಟ್ಟಿಯಾಗಿ ಓದಿಸಿ. ಕ್ರೈಸ್ತರಲ್ಲದ ಓದುಗರಲ್ಲೂ ಒಂದು ಕೋರಿಕೆ. ಪ್ರತಿ ವರ್ಷ ಫೆಬ್ರುವರಿ 20ರಂದು ನಾಡು ಸರ್ವಜ್ಞ ಜಯಂತಿ ಆಚರಿಸುತ್ತದೆ. ಬರುವ ಜಯಂತಿಯಂದು ಅಬಲೂರಿನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ, ಬಂಕಾಪುರದ ಯಾವುದೋ ಶಾಲೆಯ ಅಂಗಳದಲ್ಲಾಗಲಿ ಸರ್ವಜ್ಞನ ಪಟಕ್ಕೆ ಹಾರ ಹಾಕುವಾಗ, ಅವನ ಮಾತನ್ನು ಬೇಡಿ ತಂದ ಆ ಪಾದ್ರಿಯ ಹೆಸರನ್ನೂ ಮಕ್ಕಳಿಗೆ ಒಮ್ಮೆ ಹೇಳಿ.